ಅಗಲ ತೋಳಿನ ನಿಲುವಂಗಿ

ತುಫಾಹಾ ಕಡಲೆ ನೆನೆಹಾಕಿದ್ದೇ ಜಗಳಕ್ಕೆ ಮೂಲವಾಯಿತು.

ಒಂದು ಹಿಡಿ, ಎರಡು ಹಿಡಿಯಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆಕೆ ನೆನೆಹಾಕಿದ್ದು ಮದುವೆಮನೆಗೆ ಸಾಲುವಂಥ ಪಾತ್ರೆಯ ತುಂಬ. ಮಗ ಶಾವೂಲ್ ಸಂಜೆ ತನ್ನ ಫ್ರಿಜ್ ರಿಪೇರಿ ಅಂಗಡಿ ಮುಚ್ಚಿ ಬಂದವನು ಕೈ ತೊಳೆಯಲು ಅಡಿಗೆಮನೆಗೆ ಹೋದ. ಪಾತ್ರೆ ಕಣ್ಣಿಗೆ ಬಿತ್ತು. ಕೈ ತೊಳೆಯುವುದನ್ನೂ ಮರೆತು ಹೊರಗೆ ಬಂದ.

“ಅಮ್ಮಾ, ಅಷ್ಟೊಂದು ಕಡಲೆ ಯಾತಕ್ಕೆ?”

“ಯಾತಕ್ಕೆ ಅಂದ್ರೆ? ಇವತ್ತು ಎರಡನೇ ಅದಾರ್ ತಿಂಗಳು ಹುಟ್ತು. ಇನ್ನೆರಡು ವಾರಕ್ಕೆ ಪೂರಿಮ್. ಕಡಲೆ ತುಂಬೋ ಸಂಬೂಸಕ್ ಏನು ಮರದಲ್ಲಿ ಬಿಡುತ್ತಾ?”

“ಈ ವರ್ಷ ಈ ಮನೇಲಿ ಪೂರಿಮ್ ಇಲ್ಲ.”

“ಹಬ್ಬ ನಿನ್ನ ಅಂಗಡಿ ಷಟರ್ ಅಲ್ಲಪ್ಪ, ನೀನು ಎಳೆದಾಗ ಮುಚ್ಚೋಕೆ.”

“ಅಪ್ಪ ಹೋಗಿ ವರ್ಷ ತುಂಬಿಲ್ಲ ಅಮ್ಮಾ. ಪೂರಿಮ್ ಮಾರನೇ ದಿನಕ್ಕೆ ತುಂಬುತ್ತೆ. ಅಲ್ಲೀವರೆಗೆ ನಾನು ಸೂತಕದಲ್ಲಿರೋನು. ಸಿನಗಾಗಿಗೆ ಹೋಗಿ ಎಸ್ತೇರಳ ಸುರುಳಿ ಓದೋದು ಕೇಳ್ತೀನಿ, ಬಡವರಿಗೆ ಕೊಡೋದು ಕೊಡ್ತೀನಿ, ಮನೇಲಿ ನಾಲ್ಕೇ ಜನ ಕೂತು ಊಟ ಮಾಡೋಣ. ಅಷ್ಟೇ. ನೆಂಟರಿಲ್ಲ, ವೇಷ ಇಲ್ಲ, ಇಸ್ಪೀಟಂತೂ ಇಲ್ವೇ ಇಲ್ಲ.”

“ಒಂದೇ ಒಂದು ದಿನ ಕಮ್ಮಿ ಬಿತ್ತು ಅಂತ ಇಷ್ಟು ಕಡಲೇನ ಏನು ಮಾಡ್ಲಿ? ನಿನ್ನ ತಲೆ ಮೇಲೆ ಸುರೀಲಾ?”

ಶಾವೂಲ್ ವರ್ಷದಿಂದ ಕತ್ತರಿ ಕಾಣದ ಗಡ್ಡವನ್ನು ನೀವಿಕೊಂಡು ಹಿಂದಿನ ಕೋಣೆಗೆ ಹೋಗಿಬಿಟ್ಟ. ಅವನು ಗಡ್ಡ ನೀವಿಕೊಂಡನೆಂದರೆ ಮುಗಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಇಪ್ಪತ್ತು ಜನ ಕೂರುವ ಊಟ ರಮತ್ ಗಾನ್ ಊರಿನ ಆ ಬೀದಿಯಲ್ಲಿ ಬೇರೆ ಮನೆಗಳಲ್ಲೂ ನಡೆಯುತ್ತಿತ್ತು. ಆದರೆ ಬಾಗ್ದಾದಿನಿಂದ ಬಂದ ಯಹೂದಿ ಹಳಬರು ಪೂರಿಮ್ ಎಂದರೆ ಹೇಳುತ್ತಿದ್ದುದು ದರ್ಜಿ ಸಾಲೆಹನ ಮನೆಯನ್ನೇ. ಸಾಲೆಹ್ ವರ್ಷವಿಡೀ ಊರವರ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ ಕೂರುತ್ತಿದ್ದ. ಪೂರಿಮ್ ಹತ್ತಿರ ಬಂತೆಂದರೆ ಅಂಗಡಿಯ ಪರದೆ ಎಳೆದುಕೊಂಡು ತನಗೊಂದು ವೇಷ ಹೊಲಿಯುತ್ತಿದ್ದ. ಒಂದು ವರ್ಷ ಪರ್ಷಿಯಾದ ದೊರೆ, ಒಂದು ವರ್ಷ ಮಂತ್ರವಾದಿ, ಒಂದು ವರ್ಷ ಗಡ್ಡ ಇಟ್ಟುಕೊಂಡ ಮದುಮಗಳು. “ಈ ಸಲ ಪೊಲೀಸ್ ಆಗು ತಾತಾ” ಎಂದು ಮೊಮ್ಮಗಳು ಮಾಯನ್ ಎಷ್ಟು ಗೋಗರೆದರೂ, “ಪೊಲೀಸ್ ಬಟ್ಟೆ ಬಿಗಿ ಕಣೇ, ನನಗೆ ಉಸಿರು ಕಟ್ಟುತ್ತೆ” ಎನ್ನುತ್ತಿದ್ದ. ಊಟದ ಮೇಲೆ ಇಸ್ಪೀಟು. ಉಳಿದ ದಿನ ಎಲೆ ಮುಟ್ಟದ ಮನುಷ್ಯ, ಪೂರಿಮ್ ದಿನ ಕೂತರೆ ಸೋತದ್ದೇ ಇಲ್ಲ. “ಎಸ್ತೇರ್ ರಾಣಿ ನನ್ನ ಕೈ ಹಿಡಿದಿರ್ತಾಳೆ” ಎಂದು ಮೀಸೆ ತಿರುವುತ್ತಿದ್ದ. ಶಾವೂಲ್ ಮೊಣಕಾಲಿಗೆ ಬರುವ ಚಡ್ಡಿ ಹಾಕುತ್ತಿದ್ದ ಕಾಲದಿಂದ ಅಪ್ಪನ ಎದುರು ಕೂತು ಸೋಲುತ್ತ ಬಂದಿದ್ದ.

ಆಟದ ನಡುವೆ ಸಾಲೆಹ್ ಏನಾದರೊಂದು ನಾಟಕ ಹೂಡುವುದೂ ವಾಡಿಕೆಯೇ. ಒಮ್ಮೆ ಮಾತು ಬಿದ್ದುಹೋದ ಹಾಗೆ, ಒಮ್ಮೆ ಎಲೆ ನುಂಗಿದ ಹಾಗೆ. ಹೋದ ವರ್ಷ ಆತ ನ್ಯಾಯಾಧೀಶನಾಗಿದ್ದ. ಕಪ್ಪು ನಿಲುವಂಗಿ, ಹತ್ತಿಯ ಬಿಳಿ ಟೋಪಿ. ಆಟ ಬಿರುಸಿನಲ್ಲಿದ್ದಾಗ ತಲೆ ಮೇಜಿನ ಮೇಲೆ ಬಿತ್ತು. ಎಲ್ಲರೂ ನಕ್ಕರು. “ಏಳಿ ನ್ಯಾಯಾಧೀಶರೇ, ತೀರ್ಪು ಕೊಡಿ!” ಎಂದು ಶಾವೂಲ್ ಮೇಜು ಬಡಿದ. ಉಳಿದವರೂ ಬಡಿದರು. ಲೋಟಗಳು ಕುಣಿದವು. ಎಷ್ಟೋ ಹೊತ್ತಿನ ಮೇಲೆ ಮಾಯನ್ ಹೇಳಿದಳು: “ಅಪ್ಪಾ, ತಾತನ ಬಾಯಿಂದ ಜೊಲ್ಲು ಸುರೀತಿದೆ.” ಸೊಸೆ ಇಲಾನಿತ್ ನಿಲುವಂಗಿ ಬಿಚ್ಚಿ ಗಾಳಿ ಹಾಕಿದಳು, ಯಾರೋ ಆಂಬ್ಯುಲೆನ್ಸಿಗೆ ಫೋನ್ ಮಾಡಿದರು. ಮಾರನೆಯ ಬೆಳಗಾಗುವುದರೊಳಗೆ ಸಾಲೆಹ್ ಇರಲಿಲ್ಲ.

ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕಡಲೆಯ ಜಗಳದಲ್ಲೂ ಎತ್ತಲಿಲ್ಲ.

ಮಾರನೆಯ ದಿನ ತುಫಾಹಾ ಕಡಲೆ ಬೇಯಿಸಿದಳು. ಈರುಳ್ಳಿ ಬಾಡಿಸಿ, ಜೀರಿಗೆ ಪುಡಿ ಉದುರಿಸಿ, ಹೂರಣ ಅರೆದಳು. ಶಾವೂಲ್ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ತಿಂಡಿ ತಿನ್ನದೆ ಅಂಗಡಿಗೆ ಹೋದ.

“ಅತ್ತೆ, ಅವರಿಗೆ ಬೇಜಾರಾಗಿದೆ. ಈ ಒಂದು ವರ್ಷ ಬಿಟ್ಟುಬಿಡೋಣ” ಎಂದಳು ಇಲಾನಿತ್. ಶಿಶುವಿಹಾರದ ಟೀಚರಾದ ಅವಳ ಮಡಿಲ ತುಂಬ ಬಂಗಾರ ಬಣ್ಣದ ಕಾಗದ. ಶಾಲೆಯ ಮಕ್ಕಳಿಗೆಲ್ಲ ಕಿರೀಟ ಕತ್ತರಿಸಿ ಮುಗಿಯುತ್ತಿರಲಿಲ್ಲ.

“ಊರ ಮಕ್ಕಳಿಗೆಲ್ಲ ಕಿರೀಟ, ನಿನ್ನ ಮಗಳಿಗೆ ಮಾತ್ರ ಬೋಳುತಲೆಯಾ?”

“ನನ್ನನ್ಯಾಕೆ ಬೈತೀರಿ? ಅವರು ಆ ಕಡೆ ಎಳೀತಾರೆ, ನೀವು ಈ ಕಡೆ ಎಳೀತೀರಿ. ನಾನೇನು ಬಟ್ಟೆ ಒಣಹಾಕೋ ಹಗ್ಗವಾ?”

“ಹಗ್ಗವಾದ್ರೂ ಯಾವುದಾದ್ರೂ ಒಂದು ಗೂಟಕ್ಕೆ ಕಟ್ಕೊಂಡಿರುತ್ತೆ.”

ಇಲಾನಿತ್ ಕತ್ತರಿಯನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟು ಎದ್ದುಹೋದಳು. ಅನ್ನಬಾರದಿತ್ತು ಎಂದು ತುಫಾಹಾಗೆ ಆ ಕ್ಷಣವೇ ಅನಿಸಿತು. ಆದರೆ ಸೊಸೆಯ ಮುಂದೆ ಮಾತು ನುಂಗಿ ಆಕೆಗೆ ಅಭ್ಯಾಸವಿರಲಿಲ್ಲ.

ಹೀಗೆ ಒಂದು ವಾರ ಕಳೆಯಿತು. ತಾಯಿ ಸಂಬೂಸಕ್ ಮಡಿಸಿ ಫ್ರೀಜರಿಗೆ ತುಂಬುವುದು, ಮಗ ಫ್ರೀಜರ್ ತೆಗೆದು ನೋಡಿ ಧಡಾರನೆ ಮುಚ್ಚುವುದು. ಊರಿಗೆಲ್ಲ ಫ್ರಿಜ್ ಸರಿಮಾಡುವವನು ತನ್ನ ಮನೆಯ ಫ್ರಿಜ್ಜಿನ ಬಾಗಿಲನ್ನೇ ಮುರಿಯುತ್ತಾನೇನೋ ಎಂದು ತುಫಾಹಾ ಸೊಸೆಗೆ ಕೇಳುವಂತೆ ಗೊಣಗಿದಳು. ಇಲಾನಿತ್ ನಗಲಿಲ್ಲ.

ಶುಕ್ರವಾರ ರಾತ್ರಿಯ ಊಟಕ್ಕೆ ಸಾಲೆಹನ ತಮ್ಮ ಮೆನಶೆ ಬಂದ. ಹೆಂಡತಿ ಸತ್ತ ಮೇಲೆ ಆತನ ಶುಕ್ರವಾರದ ಊಟ ಇಲ್ಲೇ. ಮೊದಲ ತುತ್ತಿಗೇ ಶುರುಮಾಡಿದ.

“ಅತ್ತಿಗೆ, ನನ್ನ ಎಕ್ಕ ಸಿಕ್ತಾ?”

“ಮತ್ತೆ ಅದೇ ರಾಗ!”

“ನವಿಲಿನ ಚಿತ್ರದ ಕಟ್ಟು ಅದು. ನನ್ನವಳು ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಅವತ್ತು ನೆಲದ ಮೇಲೆ ಬಿದ್ದಿದ್ದನ್ನೆಲ್ಲ ನಾನೇ ಆರಿಸಿದೆ. ಆಟೀನ್ ಎಕ್ಕ ಒಂದಿಲ್ಲ. ಅದಕ್ಕೇನು ಕಾಲು ಬಂತಾ?”

“ಅಣ್ಣ ಸಾಯ್ತಿದ್ದಾಗ ಎಲೆ ಎಣಿಸ್ತಾ ಕೂತಿದ್ದೆಯಲ್ಲ, ಎಂಥ ತಮ್ಮ ನೀನು!”

“ಆಗ ಎಣಿಸಲಿಲ್ಲ. ಏಳು ದಿನದ ಸೂತಕ ಮುಗಿದ ಮೇಲೆ ಎಣಿಸಿದೆ” ಎಂದು ಮೆನಶೆ ಗಂಭೀರವಾಗಿ ಹೇಳಿದ. “ನೆಲ ಒರೆಸಿದ್ದು ಯಾರು ಅಂತ ಮಾತ್ರ ಕೇಳ್ತಿದೀನಿ.”

ಒರೆಸಿದ್ದವಳು ಇಲಾನಿತ್. ಅವಳು ತಟ್ಟೆ ಸರಿಸಿದಳು. “ಚಿಕ್ಕಮಾವ, ವರ್ಷದಿಂದ ಕೇಳ್ತಿದ್ದೀರಿ. ನಿಮ್ಮ ಎಕ್ಕ ನನ್ನ ಬಕೆಟ್ಟಿನಲ್ಲಿರಲಿಲ್ಲ. ಬೇಕಾದ್ರೆ ಸುರುಳಿ ಮುಟ್ಟಿ ಹೇಳ್ತೀನಿ.”

“ಸಾಕು!” ಎಂದ ಶಾವೂಲ್. “ಈ ಮನೇಲಿ ಇಸ್ಪೀಟಿನ ಮಾತು ಬೇಡ ಅಂತ ಎಷ್ಟು ಸಲ ಹೇಳ್ಬೇಕು?”

ಅಷ್ಟರಲ್ಲಿ ಒಳಕೋಣೆಯಿಂದ ಕಪಾಟಿನ ಬಾಗಿಲು ಕಿರ್ರೆಂದಿತು. ಎಲ್ಲರೂ ತಿರುಗಿ ನೋಡಿದರೆ ಮಾಯನ್. ಮೈಮೇಲೆ ಅಜ್ಜನ ಕಪ್ಪು ನಿಲುವಂಗಿ. ತೋಳುಗಳು ನೆಲ ಗುಡಿಸುತ್ತಿದ್ದವು. ಅವಳ ಮುಖದಲ್ಲಿದ್ದ ನಗು ಅಪ್ಪನನ್ನು ನೋಡಿ ಅಲ್ಲೇ ನಿಂತಿತು.

“ಬಿಚ್ಚು” ಎಂದ ಶಾವೂಲ್. ದನಿ ಏರಿಸಲಿಲ್ಲ.

“ಕ್ಲಾಸಲ್ಲಿ ಎಲ್ಲರಿಗೂ ವೇಷ ಇದೆ ಅಪ್ಪಾ. ನನಗೊಬ್ಬಳಿಗೇ...”

“ಬಿಚ್ಚು ಅಂದೆ.”

ಹುಡುಗಿ ಅಳುತ್ತ ಬಿಚ್ಚಿದಳು. ಆಸ್ಪತ್ರೆಯಿಂದ ಬಂದ ರಾತ್ರಿ ತೂಗುಹಾಕಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಒಗೆದೂ ಇರಲಿಲ್ಲ. ತುಫಾಹಾ ಅದನ್ನು ಎತ್ತಿಕೊಂಡಾಗ ಸಾಲೆಹನ ಸುಗಂಧದೆಣ್ಣೆಯ ವಾಸನೆ ಇನ್ನೂ ಇತ್ತು. ಆಕೆ ಅದನ್ನು ಮತ್ತೆ ಕಪಾಟಿಗೆ ತೂಗುಹಾಕಿ, ಬೀಗದ ಕೈಯನ್ನು ಮಾತ್ರ ತನ್ನ ಜೇಬಿಗೆ ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ಸಿನಗಾಗಿನ ಮೇಲ್ವಿಚಾರಕ ನಈಮ್ ಬಾಗಿಲು ತಟ್ಟಿದ. ಪೂರಿಮ್ ರಾತ್ರಿ ಉಪವಾಸ ಬಿಡುವವರಿಗೆ ಒಂದಷ್ಟು ತಿಂಡಿ ಕಳಿಸಲಾದೀತೇ ಎಂದು ಕೇಳಲು ಬಂದಿದ್ದ. ತುಫಾಹಾ ಏಲಕ್ಕಿ ಹಾಕಿದ ಚಹಾ ಕೊಟ್ಟಳು.

“ಕಳಿಸೋಕೇನು ನಈಮ್, ಫ್ರೀಜರ್ ತುಂಬ ಬಿದ್ದಿದೆ. ತಿನ್ನೋರೇ ಇಲ್ಲ. ನನ್ನ ಮಗನ ಸೂತಕ ಒಂದು ದಿನ ಹೆಚ್ಚಾಗಿ ಹಬ್ಬಾನೇ ನುಂಗಿತು.”

ನಈಮ್ ಚಹಾದ ಲೋಟ ಕೆಳಗಿಟ್ಟ. “ಯಾವ ಸೂತಕ?”

“ಅವರಪ್ಪಂದು. ವರ್ಷ ತುಂಬೋದು ಪೂರಿಮ್ ಮಾರನೇ ದಿನ ಅಲ್ವಾ?”

“ವರ್ಷದ ತಿಥಿ ಆವತ್ತೇ. ಅದು ಸರಿ. ಆದರೆ ಸೂತಕ ವರ್ಷದ ಲೆಕ್ಕ ಅಲ್ಲಮ್ಮ, ಹನ್ನೆರಡು ತಿಂಗಳ ಲೆಕ್ಕ. ಈ ವರ್ಷ ಅಧಿಕಮಾಸ ಬಂತು, ಹದಿಮೂರು ತಿಂಗಳಾಯ್ತು. ಶಾವೂಲನ ಹನ್ನೆರಡು ಹೋದ ತಿಂಗಳೇ ಮುಗೀತು. ನಾನೇ ಅವನಿಗೆ ಹೇಳಿದೆ. ಕೊನೇ ದಿನ ಅರಕ್ ಸಾರಾಯಿ, ಖರ್ಜೂರ ತಂದು ಎಲ್ಲರಿಗೂ ಕೊಟ್ಟನಲ್ಲ! ನಿಮಗೆ ಹೇಳಲಿಲ್ವಾ?”

ಆ ವರ್ಷ ಅದಾರ್ ಎರಡು ಸಲ ಬಂದದ್ದು ಬೀದಿಯ ಬೆಕ್ಕಿಗೂ ಗೊತ್ತಿತ್ತು. ಆದರೆ ಗಂಡನಿಗಾಗಿ ಹೆಂಡತಿಯ ಸೂತಕ ಮೂವತ್ತೇ ದಿನ. ತನ್ನದು ಮುಗಿದ ಮೇಲೆ ಆಕೆ ಮಗನ ಲೆಕ್ಕವನ್ನು ಮಗನಿಗೇ ಬಿಟ್ಟಿದ್ದಳು. ಅವನು ಹೇಳಿದ್ದೇ ಲೆಕ್ಕ ಎಂದುಕೊಂಡಿದ್ದಳು.

“ಹೇಳಿರಬೇಕು” ಎಂದಳು. “ನನಗೇ ಮರೆತಿರಬೇಕು. ಚಹಾ ಕುಡಿ, ಆರಿಹೋಗುತ್ತೆ.”

ನಈಮ್ ಹೋದ ಮೇಲೆ ಆಕೆ ಕೂರಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಮಧ್ಯಾಹ್ನಕ್ಕೆ ಅನ್ನ, ಬೆಂಡೆಕಾಯಿ ಹುಳಿ ಡಬ್ಬಿಗೆ ತುಂಬಿಕೊಂಡು, ಮಂಡಿನೋವನ್ನೂ ಲೆಕ್ಕಿಸದೆ ಮಗನ ಅಂಗಡಿಗೆ ನಡೆದಳು.

ಶಾವೂಲ್ ಬೆನ್ನು ಬಿಚ್ಚಿದ ಒಂದು ಫ್ರಿಜ್ಜಿನ ಹಿಂದೆ ಮಂಡಿಯೂರಿ ಕೂತಿದ್ದ.

“ಊಟ ತಂದೆ.”

“ನೀವ್ಯಾಕೆ ಬಂದ್ರಿ ಬಿಸಿಲಲ್ಲಿ?”

“ನಈಮ್ ಬಂದಿದ್ದ. ಅರಕ್ ಚೆನ್ನಾಗಿತ್ತಂತೆ.”

ಸ್ಪ್ಯಾನರ್ ಹಿಡಿದ ಕೈ ನಿಂತಿತು. ಅವನು ಎದ್ದು ಬರಲಿಲ್ಲ.

“ತಾಯಿಗೆ ಸುಳ್ಳು ಹೇಳಿದೆ. ಹೋಗ್ಲಿ ಬಿಡು. ಮಗೂನ ಅಳಿಸಿದೆ. ಸತ್ತ ಅಪ್ಪನ ಹೆಸರನ್ನ ಬೀಗದ ಕೈ ಮಾಡ್ಕೊಂಡು ಮನೆಗೇ ಬೀಗ ಜಡಿದೆ. ಯಾಕೆ? ಲೆಕ್ಕಕ್ಕಿಂತ ಹೆಚ್ಚು ಅಳಬಾರದು ಅಂತ ನಿನ್ನ ರಬ್ಬಿಗಳೇ ಹೇಳಲ್ವಾ?”

“ನಾನು ಮೇಜು ಬಡಿದೆ ಅಮ್ಮಾ.”

“ಏನು?”

“ಏಳಿ ನ್ಯಾಯಾಧೀಶರೇ ಅಂತ ಮೇಜು ಬಡಿದೆ. ಎಲ್ಲರಿಗಿಂತ ಮೊದಲು ನಾನೇ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದೂ ನಾನೇ.” ಫ್ರಿಜ್ಜಿನ ಹಿಂದಿನಿಂದ ಮಾತು ಮಾತ್ರ ಬರುತ್ತಿತ್ತು. “ಅವರಿಗೆ ಕೇಳಿಸ್ತಿತ್ತೇನೋ. ಕರೀತಿದ್ದರೇನೋ. ಅದೇ ಮೇಜು, ಅದೇ ಜನ, ಅದೇ ನಗು ಮತ್ತೆ ಕೇಳೋಕೆ ನನ್ನ ಕೈಲಿ ಆಗಲ್ಲ. ಹನ್ನೆರಡು ತಿಂಗಳು ಸಾಕು ಅಂತ ನಈಮ್ ಹೇಳ್ತಾನೆ. ಅವನು ಬಡಿದಿರಲಿಲ್ಲವಲ್ಲ.”

ತುಫಾಹಾ ಸ್ಟೂಲು ಎಳೆದುಕೊಂಡು ಕೂತಳು. ಹೇಳಬಾರದೆಂದು ವರ್ಷದಿಂದ ಹಿಡಿದಿಟ್ಟ ಮಾತು ತಾನಾಗಿಯೇ ಬಾಯಿಗೆ ಬಂತು.

“ನಾನು ಅಡಿಗೆಮನೆಯಿಂದ ಬಂದು ನೋಡಿದ್ದೆ.”

ಶಾವೂಲ್ ತಲೆ ಹೊರಗೆ ಹಾಕಿದ.

“ಗಲಾಟೆ ಕೇಳಿ ಬಾಗಿಲಿಗೆ ಬಂದೆ. ಅವರ ತಲೆ ಮೇಜಿನ ಮೇಲಿತ್ತು. ‘ಈ ಮುದುಕಂಗೆ ವರ್ಷಕ್ಕೊಂದು ಹೊಸ ನಾಟಕ’ ಅಂದೆ. ವಾಪಸ್ ಹೋಗಿ ಸಂಬೂಸಕ್ ಮಗುಚಿದೆ. ಅರ್ಧ ಶತಮಾನ ಜೊತೇಲಿ ಮಲಗಿದವಳು ನಾನು. ನಾಟಕ ಯಾವುದು, ನಿಜ ಯಾವುದು ಅಂತ ನನಗೇ ತಿಳೀಲಿಲ್ಲ, ನಿನಗೆಲ್ಲಿ ತಿಳಿಯುತ್ತೆ?”

ಬೀದಿಯಲ್ಲಿ ಒಂದು ಬಸ್ಸು ಬಂದು ನಿಂತು ಹೋಯಿತು.

“ಹಾಗಿದ್ರೆ ನಿಮಗೆ ಹಬ್ಬ ಯಾಕೆ ಬೇಕು ಅಮ್ಮಾ?” ಅವನ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

“ಯಾಕೆ ಅಂದ್ರೆ ಆ ಮನೇಲಿ ಕೊನೇ ನಗು ಅದೇ ಆಗಿ ಉಳಿದಿದೆ. ಅದರ ಮೇಲೆ ಇನ್ನೊಂದು ಬೀಳೋವರೆಗೆ ಅದೇ ಕೇಳಿಸ್ತಾ ಇರುತ್ತೆ. ನನಗೆ ವಯಸ್ಸಾಯ್ತು, ಅದನ್ನೇ ಕೇಳ್ತಾ ಸಾಯೋಕೆ ನನಗಿಷ್ಟ ಇಲ್ಲ.” ಆಕೆ ಎದ್ದಳು. “ಜನಕ್ಕೆ ಹೇಳಿ ಕಳಿಸ್ತೀನಿ. ನೀನು ಕೂತ್ಕೋ, ಬಿಡು. ಹಿಂದಿನ ಕೋಣೇಲಿ ಬಾಗಿಲು ಹಾಕ್ಕೊಂಡು ಬೇಕಾದ್ರೂ ಇರು. ಡಬ್ಬಿ ತೊಳೆದು ತಾ.”

ಪೂರಿಮ್‌ಗೆ ಮುಂಚಿನ ಉಪವಾಸದ ದಿನ ಕಳೆದು ಸಂಜೆಯಾಯಿತು. ಸಿನಗಾಗಿನಲ್ಲಿ ಸುರುಳಿ ಓದುವಾಗ, ಕೇಡಿಗ ಹಾಮಾನನ ಹೆಸರು ಬಂದಾಗಲೆಲ್ಲ ಜನ ಗಿಲಕಿ ತಿರುಗಿಸಿ, ಕಾಲು ಬಡಿದು, ಗೋಡೆ ಬಿರಿಯುವಂತೆ ಸದ್ದು ಮಾಡಿದರು. ಹೆಂಗಸರ ಕಟ್ಟೆಯಿಂದ ತುಫಾಹಾ ಮಗನನ್ನೇ ನೋಡುತ್ತಿದ್ದಳು. ಅಪ್ಪನ ಜಾಗದಲ್ಲಿ ಕೂತಿದ್ದ ಶಾವೂಲ್ ಒಂದು ಸಲವೂ ಕಾಲು ಬಡಿಯಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ಬೆಳಗಾದ ಮೇಲೆ ಬೀದಿಗೆ ಬೀದಿಯೇ ಓಡಾಟ. ಈ ಮನೆಯ ತಟ್ಟೆ ಆ ಮನೆಗೆ, ಆ ಮನೆಯ ಬುಟ್ಟಿ ಈ ಮನೆಗೆ. ಇಲಾನಿತ್ ತಟ್ಟೆಗಳನ್ನು ತುಂಬಿದಳು, ಮಾಯನ್ ಹೊತ್ತಳು. ಹುಡುಗಿಯ ಮೈಮೇಲೆ ವೇಷವಿರಲಿಲ್ಲ. ಮೂರನೆಯ ಸಲ ಖಾಲಿ ಕೈಯಲ್ಲಿ ವಾಪಸು ಬಂದವಳು ಬಾಗಿಲಲ್ಲೇ ನಿಂತಳು.

“ಕೆಳಗಿನ ಮನೆ ಆಂಟಿ ‘ನೀನು ಏನಾಗಿದ್ದೀಯ’ ಅಂತ ಕೇಳಿದ್ರು. ‘ಮಾಯನ್ ಆಗಿದ್ದೀನಿ’ ಅಂದೆ.”

ಇಲಾನಿತ್ ಕೈಯೊರೆಸಿಕೊಂಡು ಅತ್ತೆಯ ಮುಂದೆ ಬಂದು ನಿಂತಳು. “ಬೀಗದ ಕೈ ಕೊಡಿ ಅತ್ತೆ.”

“ನಿನ್ನ ಗಂಡ?”

“ಅವರ ಕೋಪ ನನಗಿರಲಿ. ನಾನು ಒಂದು ಗೂಟಕ್ಕೆ ಕಟ್ಕೊಂಡೆ.”

ತುಫಾಹಾ ಕೀಲಿ ಕೊಟ್ಟಳು, ಸೊಸೆಯ ಕೆನ್ನೆಯನ್ನೂ ಒಮ್ಮೆ ಹಿಂಡಿದಳು. ನಿಲುವಂಗಿಯ ಅಂಚನ್ನು ಇಲಾನಿತ್ ಸೊಂಟಕ್ಕೆ ಎತ್ತಿ ಕಟ್ಟಿದಳು. ತೋಳು ಮಡಿಸಲು ಪಿನ್ನು ಸಾಲಲಿಲ್ಲ, ಹಾಗೇ ಬಿಟ್ಟಳು.

ಮಧ್ಯಾಹ್ನದ ಊಟಕ್ಕೆ ಜನ ಬಂದರು. ಮೊದಮೊದಲು ಎಲ್ಲರೂ ಆಸ್ಪತ್ರೆಯಲ್ಲಿ ಕೂತವರಂತೆ ಕೂತಿದ್ದರು. ಸಾಲೆಹನ ಕುರ್ಚಿಯನ್ನು ಯಾರೂ ಎಳೆಯಲಿಲ್ಲ. ಕೋಳಿ ಪಲಾವು ಬಂತು, ಖರ್ಜೂರದ ಬಿಸ್ಕತ್ತು ಬಂತು, ಅರಕ್ ಸುತ್ತು ಬಂತು. ದನಿಗಳು ಸ್ವಲ್ಪ ಏರಿದವು. ಶಾವೂಲ್ ಹಿಂದಿನ ಕೋಣೆಯಿಂದ ಹೊರಗೆ ಬಂದು ಗೋಡೆಗೆ ಒರಗಿ ನಿಂತ. ಮಗಳ ಮೈಮೇಲಿನ ನಿಲುವಂಗಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಇಲಾನಿತ್ ಕಣ್ಣು ತಗ್ಗಿಸಲಿಲ್ಲ.

ಮೆನಶೆ ಕೋಟಿನ ಜೇಬಿನಿಂದ ನವಿಲಿನ ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟ.

“ಒಂದೆಲೆ ಕಮ್ಮಿ ಇರೋ ಕಟ್ಟು” ಎಂದ. “ಆಟೀನ್ ಎಕ್ಕ ಇಲ್ಲ ಅಂತ ಅಂದ್ಕೊಂಡು ಆಡೋಣ. ಬಾ ಶಾವೂಲ್.”

“ನಾನು ಆಡಲ್ಲ ಚಿಕ್ಕಪ್ಪ. ಹೊರಗೆ ಹೋಗ್ಬರ್ತೀನಿ.” ಅವನು ಬಾಗಿಲಿನ ಕಡೆ ನಡೆದ. ತುಫಾಹಾ ತಟ್ಟೆ ಹಿಡಿದು ನಿಂತಿದ್ದಳು. ಕರೆಯಬೇಕೆನಿಸಿತು, ಆದರೆ ಕರೆಯುವುದನ್ನೆಲ್ಲ ಅಂಗಡಿಯಲ್ಲೇ ಕರೆದು ಮುಗಿಸಿದ್ದಳು. ಹೋದರೆ ಹೋಗಲಿ ಎಂದುಕೊಂಡಳು. ಎದೆ ಮಾತ್ರ ಒಪ್ಪಲಿಲ್ಲ.

“ಅಜ್ಜೀ,” ಎಂದಳು ಮಾಯನ್, “ತೋಳಿನೊಳಗೆ ಏನೋ ಚುಚ್ಚುತ್ತೆ.”

“ಪಿನ್ನಿರಬೇಕು. ನೋಡೋಣ ಬಾ.”

“ಪಿನ್ನಲ್ಲ. ಜೇಬು.”

“ತೋಳಿಗೆ ಯಾರಾದ್ರೂ ಜೇಬು ಇಡ್ತಾರಾ?”

ಹುಡುಗಿ ಎಡತೋಳಿನೊಳಗೆ ಬಲಗೈ ತೂರಿಸಿ ತಡಕಾಡಿದಳು. ಕೈ ಹೊರಬಂದಾಗ ಬೆರಳುಗಳ ನಡುವೆ ಒಂದು ಎಲೆ. ಬೆನ್ನಮೇಲೆ ನವಿಲು. ಅವಳು ಅದನ್ನು ತಿರುಗಿಸಿದಳು.

ಆಟೀನ್ ಎಕ್ಕ.

ಮೆನಶೆ ಎಲೆಯನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ಕಟ್ಟಿನ ಉಳಿದ ಎಲೆಗಳ ಪಕ್ಕದಲ್ಲಿಟ್ಟು ನೋಡಿದ. ಬಾಗಿಲಲ್ಲಿದ್ದ ಶಾವೂಲ್ ತಿರುಗಿ ಬಂದ. ಮಗಳ ಮುಂದೆ ಮಂಡಿಯೂರಿ ನಿಲುವಂಗಿಯ ತೋಳನ್ನು ಒಳಹೊರಗು ಮಾಡಿದ. ಮಣಿಕಟ್ಟಿನ ಒಳಬದಿಗೆ ಒಂದು ಪುಟ್ಟ ಜೇಬು. ಅಳತೆ ಮಾಡಿದಂತೆ ಒಂದೇ ಎಲೆ ಹಿಡಿಸುವಷ್ಟು. ಹೊಲಿಗೆ ಹೊರಗೆ ಕಾಣದ ಹಾಗೆ ಕೈಯಿಂದ ಹಾಕಿದ್ದು. ಅಷ್ಟು ಸಣ್ಣ ಹೊಲಿಗೆ ಹಾಕುತ್ತಿದ್ದ ಕೈ ಯಾವುದೆಂದು ಆ ಮನೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

“ಕಳ್ಳ” ಎಂದ ಶಾವೂಲ್, ಮೆಲ್ಲಗೆ.

ಎದ್ದವನು ಒಂದೇ ನಡಿಗೆಯಲ್ಲಿ ಒಳಕೋಣೆಗೆ ಹೋದ. ಕಪಾಟು ತೆಗೆದ ಸದ್ದಾಯಿತು. ಎರಡೂ ತೋಳಿನ ತುಂಬ ಬಟ್ಟೆ ಹೊತ್ತು ತಂದು ನೆಲದ ಮೇಲೆ ಸುರಿದ: ದೊರೆಯ ಮೇಲಂಗಿ, ಮಂತ್ರವಾದಿಯ ಜೋಲು ಅಂಗಿ, ಮದುಮಗಳ ಬಿಳಿಯುಡುಪು. ಒಂದೊಂದರ ಎಡತೋಳನ್ನೂ ತಿರುಗಿಸಿದ. ದೊರೆಗೆ ಜೇಬಿತ್ತು. ಮಂತ್ರವಾದಿಗೂ ಇತ್ತು. ಮದುಮಗಳ ಜೇಬಿಗೆ ಲೇಸು ಬೇರೆ.

“ಅದಕ್ಕೇ ಪೊಲೀಸ್ ಆಗಲಿಲ್ಲ!” ಎಂದು ಕಿರುಚಿದಳು ಮಾಯನ್. “ಪೊಲೀಸ್ ತೋಳು ಬಿಗಿ!”

“ಚಡ್ಡಿ ಹಾಕ್ತಿದ್ದಾಗಿಂದ!” ಶಾವೂಲನ ದನಿ ಒಡೆಯಿತು. “ಚಡ್ಡಿ ಹಾಕ್ತಿದ್ದಾಗಿಂದ ನನ್ನನ್ನ ಸೋಲಿಸಿದಾರೆ ಚಿಕ್ಕಪ್ಪ! ಎಸ್ತೇರ್ ರಾಣಿ ಕೈ ಹಿಡಿದಿರ್ತಾಳಂತೆ! ರಾಣಿ ಅಲ್ಲ, ರಾಜಾನೂ ಎಕ್ಕಾನೂ ತೋಳಲ್ಲಿ ಕೂರಿಸ್ಕೊಂಡು... ಸಾಯೋವಾಗಲೂ! ಸಾಯೋವಾಗಲೂ ನನಗೆ ಟೋಪಿ ಹಾಕ್ತಿದ್ದರು!”

ಮೊದಲು ಅದು ಅಳುವೋ ನಗುವೋ ತುಫಾಹಾಗೆ ತಿಳಿಯಲಿಲ್ಲ. ಅವನ ಹೆಗಲು ಕುಲುಕುತ್ತಿತ್ತು, ಗಡ್ಡ ಒದ್ದೆಯಾಗಿತ್ತು. ಆಮೇಲೆ ಸದ್ದು ಹೊರಬಂತು. ನಗುವೇ. ಹೊಟ್ಟೆಯಿಂದ ಬರುತ್ತಿದ್ದ, ಅವನಪ್ಪನಂಥದೇ ನಗು. ಮೆನಶೆ “ವರ್ಷವೆಲ್ಲ ಆ ಹುಡುಗಿಯ ಬಕೆಟ್ಟನ್ನ ಬೈದೆನಲ್ಲೋ!” ಎಂದು ಹಣೆ ಬಡಿದುಕೊಂಡ. ಇಲಾನಿತ್ ಕರವಸ್ತ್ರ ಸಿಗದೆ ಕಿರೀಟದ ಕಾಗದದಲ್ಲೇ ಕಣ್ಣೊರೆಸಿಕೊಂಡಳು.

“ಕೂತ್ಕೋ” ಎಂದ ಮೆನಶೆ. “ಮೊದಲು ತೋಳು ಮಡಚು. ನಿಮ್ಮ ವಂಶಾನೇ ನಂಬೋ ಹಾಗಿಲ್ಲ.”

“ನಿಮ್ಮದೂ ಅದೇ ವಂಶ ಚಿಕ್ಕಪ್ಪ.”

“ನಾನೂ ಮಡಚ್ತೀನಿ.”

ಶಾವೂಲ್ ಮೊಣಕೈವರೆಗೆ ತೋಳು ಮಡಚಿ, ಅಪ್ಪನ ಕುರ್ಚಿಯ ಎದುರಿಗಿದ್ದ ತನ್ನ ಹಳೆಯ ಜಾಗದಲ್ಲೇ ಕೂತ. ಎಲೆ ಹಂಚಿದರು. ಕಟ್ಟು ಪೂರ್ತಿಯಾಗಿತ್ತು.

ತುಫಾಹಾ ಅಡಿಗೆಮನೆಗೆ ಹೋದಳು. ಕೊನೆಯ ಸಂಬೂಸಕ್ ಎಣ್ಣೆಗೆ ಬಿಟ್ಟಾಗ ಆಕೆಯ ಕೈ ಹಗುರವಾಗಿತ್ತು. ಒಂದು ಬದಿ ಕೆಂಪಾಗುತ್ತಿದ್ದಂತೆ ಹಜಾರದಲ್ಲಿ ನಗು ಭೋರೆಂದಿತು. ಯಾರೋ ಮೇಜು ಬಡಿದರು. ಮತ್ತೆ ಮತ್ತೆ ಬಡಿದರು.

ಆಕೆಯ ಕೈಯ ಜಾಲರಿ ಅಲ್ಲೇ ನಿಂತಿತು. ಈ ಸಲ ಮಗುಚಲಿಲ್ಲ. ಒಲೆ ಆರಿಸಿ ಬಾಗಿಲಿಗೆ ಓಡಿದಳು.

ಮೆನಶೆಯ ತಲೆ ಮೇಜಿನ ಮೇಲಿತ್ತು.

“ಮೆನಶೆ!” ಆಕೆ ಜನರನ್ನು ನೂಕಿಕೊಂಡು ಹೋಗಿ ಆತನ ಭುಜ ಹಿಡಿದು ಎತ್ತಿದಳು. ಎತ್ತಿದರೆ, ಆತನ ಮುಖವೆಲ್ಲ ಕಣ್ಣೀರು, ಬಾಯಿ ತುಂಬ ನಗು.

“ಅತ್ತಿಗೆ, ನಿಮ್ಮ ಮಗ... ಈಗಷ್ಟೇ ತೋಳು ಮಡಚಿದವನು... ಎಲೇನ ಗಡ್ಡದಲ್ಲಿ ಬಚ್ಚಿಟ್ಕೊಂಡಿದ್ದ!”

ಎಲ್ಲರ ನಗುವೂ ಒಮ್ಮೆಗೇ ನಿಂತಿತು. ತುಫಾಹಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಮೆನಶೆಯ ಭುಜ ಹಿಡಿದ ಬೆರಳುಗಳು ಬಿಡುತ್ತಿರಲಿಲ್ಲ. ಶಾವೂಲ್ ಅರ್ಧ ಎದ್ದು ನಿಂತ.

“ಅಮ್ಮಾ...”

“ನಗ್ರಿ” ಎಂದಳು ಆಕೆ. “ಎಷ್ಟು ಬೇಕಾದ್ರೂ ನಗ್ರಿ. ಮೇಜು ಮುರೀರಿ. ಆದರೆ ತಲೆ ಎತ್ತಿ ನಗ್ರಿ. ಇನ್ಮೇಲೆ ಈ ಮನೇಲಿ ಮೇಜಿನ ಮೇಲೆ ಯಾರೂ ತಲೆ ಇಡೋ ಹಾಗಿಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು ಅಮ್ಮಾ” ಎಂದ ಶಾವೂಲ್. ಅವನ ಗಡ್ಡದಲ್ಲಿ ಇನ್ನೊಂದು ಎಲೆ ಸಿಕ್ಕಿಕೊಂಡಿತ್ತು.

ಎಲ್ಲರೂ ನೆಟ್ಟಗೆ ಕೂತರು. ತುಫಾಹಾ ಒಬ್ಬೊಬ್ಬರ ಮುಖವನ್ನೂ ಸುತ್ತಲೂ ನೋಡಿದಳು. ಮಗನ ಗಡ್ಡಕ್ಕೆ ಕೈಹಾಕಿ ಆ ಎಲೆಯನ್ನು ಕಿತ್ತು ಮೇಜಿಗೆ ಎಸೆದಳು. ಆಮೇಲೆ ಅಡಿಗೆಮನೆಗೆ ಹೋಗಿ ಮತ್ತೆ ಒಲೆ ಹಚ್ಚಿದಳು.